ಕಿರುಅಲೆ ಪರಿವರ್ತನೆಯಿಂದ ಗದ್ದಲ ನಿವಾರಣೆ: ಒಂದು ವಿಮರ್ಶೆ

೧

ಅಳತೆಯಿಂದ ದೊರೆತ ಯಾವ ರೇಖೆಯೂ ನಾವು ಅಳೆಯಹೊರಟ ವಸ್ತುವೊಂದನ್ನೇ ತೋರಿಸುವುದಿಲ್ಲ. ಉಪಕರಣದ ದೋಷ, ಸುತ್ತಣ ವಿದ್ಯುತ್ ತಂತಿಗಳ ಪ್ರಭಾವ, ಅಳತೆಗೆ ಒಳಗಾದ ದೇಹದ ಬೇರೆ ಬೇರೆ ಚಲನೆಗಳು, ಇವೆಲ್ಲ ಅದರೊಡನೆ ಬೆರೆತೇ ಬರುತ್ತವೆ. ನಮಗೆ ಬೇಕಾದುದನ್ನು ಸಂಕೇತವೆಂದೂ ಬೇಡವಾದುದನ್ನು ಗದ್ದಲವೆಂದೂ ಕರೆಯುವುದು ರೂಢಿ. ಕಾಲದೊಡನೆ ಬಿಂದುವಿನ ಮುಂದೆ ಬಿಂದುವಾಗಿ ಸಾಗುವ ಒಂದೇ ಆಯಾಮದ ಸಂಕೇತಗಳಲ್ಲಿ ಇವೆರಡನ್ನು ಬೇರ್ಪಡಿಸುವುದಕ್ಕೆ ಕಳೆದ ಮೂರು ದಶಕಗಳಲ್ಲಿ ಬಹಳವಾಗಿ ಬಳಕೆಗೆ ಬಂದ ಸಾಧನವೆಂದರೆ ವೇವ್‌ಲೆಟ್ ಪರಿವರ್ತನೆ. ಆ ಹೆಸರಿಗೆ ಚಿಕ್ಕ ಅಲೆ ಎಂದೇ ಅರ್ಥವಾದುದರಿಂದ ಈ ಲೇಖನದಲ್ಲಿ ಅದನ್ನು ಕಿರುಅಲೆ ಎಂದು ಕರೆದಿದ್ದೇವೆ.

ಈ ವಿಧಾನದ ಗಣಿತ ದೃಢವಾದುದು. ಅದರ ವಿಷಯದಲ್ಲಿ ನಮಗೆ ಯಾವ ಸಂಶಯವೂ ಇಲ್ಲ. ನಮ್ಮ ಆಕ್ಷೇಪಣೆಯೆಲ್ಲ ಅದನ್ನು ಬಳಸುವ ಮತ್ತು ಪರೀಕ್ಷಿಸುವ ರೂಢಿಗೆ ಸಂಬಂಧಿಸಿದ್ದು. ಕಾಲೇಜುಗಳಲ್ಲಿ ವರ್ಷವರ್ಷವೂ ಸಿದ್ಧವಾಗುವ ಪ್ರಬಂಧಗಳನ್ನು ಓದಿದವರಿಗೆ ಅವುಗಳ ಅಚ್ಚು ಪರಿಚಿತವಾಗಿಯೇ ಇದೆ: ಶುದ್ಧವೆನಿಸಿದ ಒಂದು ಸಂಕೇತವನ್ನು ಆರಿಸಿಕೊಳ್ಳುವುದು, ಅದಕ್ಕೆ ಗಣಕಯಂತ್ರದಿಂದ ಹುಟ್ಟಿಸಿದ ಗದ್ದಲವನ್ನು ಸೇರಿಸುವುದು, ಸೇರಿಸಿದುದನ್ನು ತೆಗೆಯುವುದು, ಎಷ್ಟು ಡೆಸಿಬೆಲ್ ಸುಧಾರಣೆಯಾಯಿತೆಂದು ಕೋಷ್ಟಕದಲ್ಲಿ ತೋರಿಸುವುದು. ಈ ಕ್ರಮದಲ್ಲಿ ಗದ್ದಲ ಎಂದರೆ ಯಾವುದು ಎಂಬ ಮೊದಲ ಪ್ರಶ್ನೆ ಕೇಳದೆಯೇ ಉಳಿಯುತ್ತದೆ. ಸಂಕೇತವು ರೋಗಿಯ ಹೃದಯದ ವಿದ್ಯುತ್ ರೇಖೆ, ಎಂದರೆ ಇ.ಸಿ.ಜಿ. ಆಗಿರುವಾಗ ಈ ಲೋಪ ಬರಿಯ ಶಾಸ್ತ್ರಚರ್ಚೆಯ ಮಾತಾಗಿ ಉಳಿಯುವುದಿಲ್ಲ. ಅಳಿಸಿಹೋದ ಒಂದು ಸಣ್ಣ ಉಬ್ಬಿನಿಂದ ವೈದ್ಯನ ನಿರ್ಣಯವೇ ಬದಲಾಗಬಹುದು. ಆದಕಾರಣ ಇ.ಸಿ.ಜಿ.ಯನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಈ ವಿಷಯವನ್ನು ಪರಿಶೀಲಿಸಲು ಉದ್ದೇಶಿಸಿದ್ದೇವೆ.

೨

ಫೂರಿಯೆಯ ವಿಶ್ಲೇಷಣೆ ಸಂಕೇತವನ್ನು ಆದಿ ಅಂತ್ಯಗಳಿಲ್ಲದ ಅಲೆಗಳ ಮೊತ್ತವಾಗಿ ಒಡೆಯುತ್ತದೆ. ಯಾವ ಆವೃತ್ತಿ ಎಷ್ಟಿದೆ ಎಂಬುದನ್ನು ಅದು ಚೆನ್ನಾಗಿ ತಿಳಿಸಬಲ್ಲುದು. ಆ ಆವೃತ್ತಿ ಯಾವ ಕ್ಷಣದಲ್ಲಿ ತೋರಿತೆಂಬುದನ್ನು ನೇರವಾಗಿ ತಿಳಿಸಲಾರದು. ಕಿರುಅಲೆಯಾದರೋ ಒಂದೆಡೆ ಎದ್ದು ಅಲ್ಲಿಯೇ ಅಡಗುವಂಥದು. ಅದನ್ನು ಹಿಗ್ಗಿಸಿ, ಕುಗ್ಗಿಸಿ, ಅತ್ತಿತ್ತ ಸರಿಸಿ ಪಡೆದ ಕುಟುಂಬದ ಮೂಲಕ ಸಂಕೇತವನ್ನು ಒಡೆದರೆ ಪ್ರಮಾಣ ಮತ್ತು ಸ್ಥಾನ ಎರಡೂ ಒಟ್ಟಿಗೆ ತಿಳಿಯುತ್ತವೆ. ಇದರ ಅತಿ ಸರಳವಾದ ರೂಪ ೧೯೧೦ರಲ್ಲಿ ಪ್ರಕಟವಾದ ಆಲ್ಫ್ರೆಡ್ ಹಾರನ ಲೇಖನದಲ್ಲಿಯೇ ಇದೆ. ತೈಲಶೋಧನೆಯಲ್ಲಿ ತೊಡಗಿದ್ದ ಮೊರ್ಲೆ ಮತ್ತು ಭೌತವಿಜ್ಞಾನಿ ಗ್ರಾಸ್‌ಮನ್ ಇವರ ೧೯೮೪ರ ಲೇಖನ, ಇಂಗ್ರಿಡ್ ಡೊಬೆಶಿ ೧೯೮೮ರಲ್ಲಿ ರಚಿಸಿದ ಪರಿಮಿತ ವ್ಯಾಪ್ತಿಯ ಕಿರುಅಲೆಗಳು, ೧೯೮೯ರಲ್ಲಿ ಮಲ್ಲಾ ತೋರಿಸಿದ ಶೀಘ್ರಗಣನೆಯ ಮಾರ್ಗ, ಇವುಗಳಿಂದ ಇಂದಿನ ಶಾಸ್ತ್ರ ರೂಪುಗೊಂಡಿತು.

ಗದ್ದಲ ನಿವಾರಣೆಯ ತತ್ತ್ವವನ್ನು ಹಾರನ ಕಿರುಅಲೆಯಿಂದ ಕೈಲೆಕ್ಕದಲ್ಲಿಯೇ ತೋರಿಸಬಹುದು. ೯, ೧೧, ೧೦, ೧೦, ೩೦, ೧೦, ೧೧, ೯ ಎಂಬ ಎಂಟು ಅಳತೆಗಳನ್ನು ತೆಗೆದುಕೊಳ್ಳೋಣ. ಎರಡೆರಡನ್ನು ಜೊತೆಮಾಡಿ ಪ್ರತಿ ಜೊತೆಯ ಸರಾಸರಿಯನ್ನೂ, ಮೊದಲನೆಯದರಿಂದ ಎರಡನೆಯದನ್ನು ಕಳೆದು ಬಂದುದರ ಅರ್ಧವನ್ನೂ ಬರೆದರೆ, ಸರಾಸರಿಗಳು ೧೦, ೧೦, ೨೦, ೧೦ ಎಂದೂ, ಅರ್ಧವ್ಯತ್ಯಾಸಗಳು –೧, ೦, ೧೦, ೧ ಎಂದೂ ದೊರೆಯುತ್ತವೆ. ಈ ವ್ಯತ್ಯಾಸಗಳೇ ಇಲ್ಲಿ ಕಿರುಅಲೆಯ ಗುಣಾಂಕಗಳು. ಈಗ ೨ ಎಂಬ ಒಂದು ಹೊಸ್ತಿಲನ್ನು ಇಟ್ಟು, ಚಿಹ್ನೆಯನ್ನು ಗಣಿಸದೆ ಅದಕ್ಕಿಂತ ಕಿರಿದಾದ ಗುಣಾಂಕಗಳನ್ನೆಲ್ಲ ಸೊನ್ನೆ ಮಾಡಿದರೆ ೧೦ ಒಂದೇ ಉಳಿಯುತ್ತದೆ. ಅದರಿಂದ ಹಿಂದಿರುಗಿ ಸಂಕೇತವನ್ನು ಕಟ್ಟಿದರೆ ೧೦, ೧೦, ೧೦, ೧೦, ೩೦, ೧೦, ೧೦, ೧೦ ಎಂದಾಗುತ್ತದೆ. ಸಣ್ಣ ನಡುಕಗಳು ಹೋದವು. ೩೦ರ ಶಿಖರ ಹಾಗೆಯೇ ನಿಂತಿತು. ಇದಕ್ಕೆ ಪ್ರತಿಯಾಗಿ ಮೂರು ಮೂರು ಅಳತೆಗಳ ಸರಾಸರಿಯನ್ನು ತೆಗೆಯುವ ಹಳೆಯ ಕ್ರಮವನ್ನು ಅನುಸರಿಸಿದ್ದರೆ ಆ ಶಿಖರ ೧೬.೭ಕ್ಕೆ ಕುಸಿದು, ಅದರ ಇಕ್ಕೆಲದ ಬಿಂದುಗಳೂ ೧೭ರ ಆಸುಪಾಸಿಗೆ ಏರಿ, ಮೊನೆಯಿದ್ದಲ್ಲಿ ಒಂದು ದಿಬ್ಬ ಉಳಿಯುತ್ತಿತ್ತು. ಕಿರುಅಲೆಯ ವಿಧಾನಕ್ಕೆ ಬಂದ ಗೌರವಕ್ಕೆ ಇದೇ ಕಾರಣ, ಮತ್ತು ಆ ಗೌರವ ನ್ಯಾಯವಾದುದೇ.

ಇದೇ ಲೆಕ್ಕದಲ್ಲಿ ವಿಧಾನದ ಮಿತಿಗಳೂ ಕಾಣಿಸುತ್ತವೆ. ಒಂದನೆಯದಾಗಿ, ಕೊನೆಯ ಜೊತೆಯಾದ ೧೧ ಮತ್ತು ೯ ನಡುಕವೋ ನಿಜವಾದೊಂದು ಸಣ್ಣ ಘಟನೆಯೋ ಎಂಬುದು ಲೆಕ್ಕಕ್ಕೆ ತಿಳಿಯದು. ಹೊಸ್ತಿಲಿಗಿಂತ ಕುಳ್ಳಾದ ಕಾರಣ ಅದು ಹೊರಗುಳಿಯಿತು, ಅಷ್ಟೆ. ಎರಡನೆಯದಾಗಿ, ಜೊತೆಮಾಡುವುದನ್ನು ಒಂದು ಬಿಂದು ಮುಂದಿನಿಂದ ಆರಂಭಿಸಿ, ಮೊದಲ ೯ನ್ನು ಕೊನೆಗೆ ಸೇರಿಸಿಕೊಂಡರೆ, ಅದೇ ಹೊಸ್ತಿಲಿನಿಂದ ಬರುವ ಉತ್ತರ ಬೇರೆಯಾಗುತ್ತದೆ: ಬಿಂದುಗಳನ್ನು ಹಳೆಯ ಸ್ಥಾನಗಳಿಗೆ ತಂದಾಗ ೯, ೧೦.೫, ೧೦.೫, ೧೦, ೩೦, ೧೦.೫, ೧೦.೫, ೯. ಸಂಕೇತ ಅದೇ, ಹೊಸ್ತಿಲು ಅದೇ. ಎಣಿಕೆಯನ್ನು ಎಲ್ಲಿಂದ ತೊಡಗಿದೆವೆಂಬುದಷ್ಟರಿಂದ ಫಲ ಬದಲಾಯಿತು. ಹೀಗೆ ಸರಿಸಿ ಸರಿಸಿ ಪಡೆದ ಉತ್ತರಗಳ ಸರಾಸರಿಯನ್ನು ತೆಗೆಯಬೇಕೆಂದು ಕಾಯ್ಫ್‌ಮನ್ ಮತ್ತು ಡೊನೊಹೊ ೧೯೯೫ರಲ್ಲಿಯೇ ಸೂಚಿಸಿದ್ದಾರೆ. ಮೂರನೆಯದಾಗಿ, ಹೊಸ್ತಿಲನ್ನು ದಾಟಿದ ಗುಣಾಂಕಗಳನ್ನೂ ಹೊಸ್ತಿಲಿನಷ್ಟು ತಗ್ಗಿಸುವ ಮೃದುಕ್ರಮವೊಂದುಂಟು. ಅದನ್ನು ಅನುಸರಿಸಿದರೆ ನಮ್ಮ ೧೦ ಎಂಬ ಗುಣಾಂಕ ೮ ಆಗಿ, ಶಿಖರ ೨೮ಕ್ಕೆ ಇಳಿದು, ಪಕ್ಕದ ಬಿಂದು ೧೨ಕ್ಕೆ ಏರುತ್ತದೆ. ರೇಖೆ ಕಣ್ಣಿಗೆ ನಯವಾಗುತ್ತದೆ. ಎತ್ತರವನ್ನು ಅಳೆಯಬೇಕಾದವನಿಗೆ ನಷ್ಟವಾಗುತ್ತದೆ.

೩

ಹೊಸ್ತಿಲನ್ನು ಎಷ್ಟಕ್ಕೆ ಇಡಬೇಕು ಎಂಬ ಪ್ರಶ್ನೆಗೆ ಡೊನೊಹೊ ಮತ್ತು ಜಾನ್‌ಸ್ಟೋನ್ ೧೯೯೪ರಲ್ಲಿ ನೀಡಿದ ಉತ್ತರ ಈ ಕ್ಷೇತ್ರದಲ್ಲಿ ಬಹು ಪ್ರಸಿದ್ಧವಾದುದು. ಬಿಂದುಗಳ ಸಂಖ್ಯೆಯ ಸ್ವಾಭಾವಿಕ ಲಘುಗಣಕವನ್ನು ಇಮ್ಮಡಿಸಿ, ಅದರ ವರ್ಗಮೂಲವನ್ನು ಗದ್ದಲದ ಮಾನಕ ವಿಚಲನೆಯಿಂದ ಗುಣಿಸಿದರೆ ಅವರ ಸಾರ್ವತ್ರಿಕ ಹೊಸ್ತಿಲು ದೊರೆಯುತ್ತದೆ. ಗದ್ದಲದ ಮಾನಕ ವಿಚಲನೆಯನ್ನಾದರೋ ಅತಿ ಸೂಕ್ಷ್ಮಸ್ತರದ ಗುಣಾಂಕಗಳ ಗಾತ್ರದ ಮಧ್ಯಾಂಕವನ್ನು ೦.೬೭೪೫ರಿಂದ ಭಾಗಿಸಿ ಊಹಿಸಲಾಗುತ್ತದೆ. ಇದರ ಹಿಂದಿನ ತರ್ಕ ಸುಂದರವಾದುದು. ಗೌಸನ ನಿಯಮವನ್ನು ಅನುಸರಿಸುವ, ಒಂದಕ್ಕೊಂದು ಸಂಬಂಧವಿಲ್ಲದ ಅಷ್ಟು ಯಾದೃಚ್ಛಿಕ ಸಂಖ್ಯೆಗಳಲ್ಲಿ ಅತಿ ದೊಡ್ಡದು ಪ್ರಾಯಶಃ ಈ ಮಿತಿಯನ್ನು ಮೀರಲಾರದು. ಆದುದರಿಂದ ಮೀರಿದ್ದು ಗದ್ದಲವಲ್ಲ.

ಈ ಫಲಿತಾಂಶ ಎರಡು ಆಧಾರಗಳ ಮೇಲೆ ನಿಂತಿದೆ. ಗದ್ದಲ ಎಲ್ಲ ಆವೃತ್ತಿಗಳಲ್ಲಿಯೂ ಸಮನಾಗಿ ಹರಡಿದ ಶ್ವೇತ ಗದ್ದಲವಾಗಿರಬೇಕು. ಸಂಕೇತದ ಸಾರವೆಲ್ಲ ಕೆಲವೇ ದೊಡ್ಡ ಗುಣಾಂಕಗಳಲ್ಲಿ ಅಡಕವಾಗಿರಬೇಕು. ಲೇಖಕರು ಇವನ್ನು ಮುಚ್ಚಿಟ್ಟವರಲ್ಲ. ತಮ್ಮ ವಿಧಾನವನ್ನು ತೋರಿಸುವುದಕ್ಕೆ ಅವರು ಆರಿಸಿಕೊಂಡ ನಾಲ್ಕು ಕೃತಕ ಸಂಕೇತಗಳು, ಎಂದರೆ ಮೆಟ್ಟಿಲುಗಳು, ಉಬ್ಬುಗಳು, ಮುರಿದ ಸೈನ್ ರೇಖೆ ಮತ್ತು ಡಾಪ್ಲರ್ ರೇಖೆ, ಗಣಿತದ ಮಾತನ್ನು ವಿಶದಪಡಿಸಲೆಂದೇ ರಚಿತವಾದವು. ನಿದರ್ಶನಕ್ಕೆಂದು ಅವರು ಕೊಟ್ಟುದನ್ನು ಎಲ್ಲ ಅಳತೆಗೂ ಸಲ್ಲುವ ಔಷಧವೆಂದು ಹಂಚಿದ ಹೊಣೆ ಅವರ ಅನಂತರ ಬಂದವರದು.

ಸಾರ್ವತ್ರಿಕ ಹೊಸ್ತಿಲಿನ ಇನ್ನೊಂದು ಗುಣ ವಿದ್ಯಾರ್ಥಿಗಳ ಗಮನಕ್ಕೆ ಬರುವುದು ಅಪರೂಪ. ಬಿಂದುಗಳ ಸಂಖ್ಯೆ ಹೆಚ್ಚಿದಂತೆ ಅದೂ ಏರುತ್ತದೆ. ೧೦೨೪ ಬಿಂದುಗಳಿಗೆ ಹೊಸ್ತಿಲು ಮಾನಕ ವಿಚಲನೆಯ ೩.೭೨ ಪಟ್ಟು. ಸೆಕೆಂಡಿಗೆ ೩೬೦ ಬಿಂದುಗಳಂತೆ ಅರ್ಧ ಗಂಟೆ ತೆಗೆದ ದಾಖಲೆಯಲ್ಲಿ ೬,೪೮,೦೦೦ ಬಿಂದುಗಳಿರುತ್ತವೆ. ಅದನ್ನು ಒಟ್ಟಾಗಿ ಸಂಸ್ಕರಿಸಿದರೆ ಹೊಸ್ತಿಲು ೫.೧೭ ಪಟ್ಟು. ಗದ್ದಲದ ನಾಲ್ಕು ಪಟ್ಟು ಗಾತ್ರದ ಒಂದು ಗುಣಾಂಕವಿದ್ದರೆ, ಮೂರು ಸೆಕೆಂಡಿನ ತುಣುಕಿನಲ್ಲಿ ಅದು ಸಂಕೇತವೆಂದು ಉಳಿಯುತ್ತದೆ. ಅರ್ಧ ಗಂಟೆಯ ದಾಖಲೆಯಲ್ಲಿ ಗದ್ದಲವೆಂದು ಅಳಿಯುತ್ತದೆ. ಹೃದಯ ಬಡಿದದ್ದು ಒಂದೇ ರೀತಿಯಲ್ಲಿ. ಸಂಶೋಧಕನು ದಾಖಲೆಯನ್ನು ಎಲ್ಲಿ ಕತ್ತರಿಸಿದನೆಂಬುದನ್ನು ಅವಲಂಬಿಸಿ ಆ ಬಡಿತದ ಒಂದು ಅಂಶ ಇರುವುದೋ ಇಲ್ಲದಿರುವುದೋ ನಿರ್ಧಾರವಾಗುವುದಾದರೆ, ಕತ್ತರಿಸಿದ ಉದ್ದವನ್ನು ಹೇಳದ ಪ್ರಬಂಧ ತನ್ನ ವಿಧಾನವನ್ನು ಹೇಳಿದಂತಾಗಲಿಲ್ಲ.

೪

ಇನ್ನು ಇ.ಸಿ.ಜಿ.ಗೆ ಬರೋಣ. ಈ ವಿಷಯದಲ್ಲಿ ಕೆಲಸ ಮಾಡುವವರೆಲ್ಲರೂ ಆಶ್ರಯಿಸುವ ಸಂಗ್ರಹವೆಂದರೆ ೧೯೭೫ರಿಂದ ೧೯೭೯ರವರೆಗೆ ಬಾಸ್ಟನ್ನಿನ ಬೆತ್ ಇಸ್ರೇಲ್ ಆಸ್ಪತ್ರೆಯಲ್ಲಿ ಪಡೆದು, ಎಂ.ಐ.ಟಿ. ಸಂಸ್ಥೆಯ ಸಹಯೋಗದಲ್ಲಿ ೧೯೮೦ರಿಂದ ಹಂಚಲಾದ ಹೃದಯತಾಳದೋಷಗಳ ಸಂಗ್ರಹ. ಅದರಲ್ಲಿ ೪೭ ಮಂದಿಯಿಂದ ಪಡೆದ, ಅರ್ಧರ್ಧ ಗಂಟೆಯ ೪೮ ದಾಖಲೆಗಳಿವೆ. ಬಿಂದುಗಳು ಸೆಕೆಂಡಿಗೆ ೩೬೦. ಈ ದಾಖಲೆಗಳು ರೋಗಿಗಳು ಓಡಾಡುತ್ತಿದ್ದಾಗ ಟೇಪಿನ ಮೇಲೆ ಮೂಡಿದವು. ಎಂದ ಮೇಲೆ ಅವುಗಳಲ್ಲಿ ಗದ್ದಲ ಮೊದಲೇ ಇದೆ. ಅಂಥದನ್ನು ಶುದ್ಧವೆಂದು ಎಣಿಸಿ ಅದರೊಡನೆ ಹೋಲಿಸಿ ಅಂಕ ಕೊಟ್ಟರೆ, ಮೂಲದಲ್ಲಿದ್ದ ಗದ್ದಲವನ್ನು ಸರಿಯಾಗಿ ತೆಗೆದ ವಿಧಾನ ಅದಕ್ಕಾಗಿಯೇ ಅಂಕ ಕಳೆದುಕೊಳ್ಳುತ್ತದೆ!

ಈ ರೇಖೆಗಳಲ್ಲಿ ನಿಜವಾಗಿ ಕಂಡುಬರುವ ಗದ್ದಲ ಮುಖ್ಯವಾಗಿ ನಾಲ್ಕು ಬಗೆಯದು: ಉಸಿರಾಟದಿಂದಲೂ ಮೈ ಅಲುಗಾಟದಿಂದಲೂ ಆಧಾರರೇಖೆ ಮೇಲೆ ಕೆಳಗೆ ತೂಗುವುದು, ಸ್ನಾಯುಗಳ ವಿದ್ಯುತ್ತು, ಚರ್ಮದ ಮೇಲಿನ ವಿದ್ಯುದ್ವಾರ ಸರಿಯುವುದು, ವಿದ್ಯುತ್ ಸರಬರಾಜಿನ ಗುಂಯ್‌ಗುಡುವಿಕೆ, ಅಮೆರಿಕದಲ್ಲಿ ೬೦ ಹರ್ಟ್ಸ್, ನಮ್ಮಲ್ಲಿ ೫೦ ಹರ್ಟ್ಸ್. ಇವುಗಳಲ್ಲಿ ಒಂದಾದರೂ ಶ್ವೇತ ಗದ್ದಲವಲ್ಲ. ಸೆಕೆಂಡಿಗೆ ೩೬೦ ಬಿಂದುಗಳ ದಾಖಲೆಯನ್ನು ಒಡೆದಾಗ ಮೊದಲ ಸ್ತರಕ್ಕೆ ೯೦ರಿಂದ ೧೮೦ ಹರ್ಟ್ಸ್, ಎರಡನೆಯದಕ್ಕೆ ೪೫ರಿಂದ ೯೦, ಮೂರನೆಯದಕ್ಕೆ ೨೨.೫ರಿಂದ ೪೫ ಹರ್ಟ್ಸ್ ಸ್ಥೂಲವಾಗಿ ಸಲ್ಲುತ್ತವೆ. ಸರಬರಾಜಿನ ಗದ್ದಲ ಇರುವುದು ಎರಡನೆಯ ಸ್ತರದಲ್ಲಿ. ಸಾರ್ವತ್ರಿಕ ನಿಯಮ ಗದ್ದಲವನ್ನು ಅಳೆಯುವುದು ಮೊದಲ ಸ್ತರದಲ್ಲಿ. ಕಳ್ಳ ಹಿತ್ತಿಲಲ್ಲಿರುವಾಗ ಮುಂಬಾಗಿಲಲ್ಲಿ ನಿಂತು ಮನೆ ಕಾದಂತೆ ಇದು. ಮೊದಲ ಸ್ತರದಲ್ಲಿ ಗದ್ದಲ ಕಡಿಮೆಯಿದ್ದರೆ ಹೊಸ್ತಿಲು ತಗ್ಗಾಗಿ, ಕೆಳಸ್ತರಗಳ ಗದ್ದಲ ಹಾಗೆಯೇ ಒಳಬರುತ್ತದೆ. ಹೆಚ್ಚಿದ್ದರೆ ಹೊಸ್ತಿಲು ಎತ್ತರವಾಗಿ, ಕೆಳಸ್ತರಗಳ ಸಂಕೇತವೇ ಹೊರಬೀಳುತ್ತದೆ. ಪರಸ್ಪರ ಸಂಬಂಧವುಳ್ಳ ಗದ್ದಲದಲ್ಲಿ ಸ್ತರಸ್ತರಕ್ಕೂ ಬೇರೆ ಹೊಸ್ತಿಲು ಬೇಕೆಂಬುದನ್ನು ಜಾನ್‌ಸ್ಟೋನ್ ಮತ್ತು ಸಿಲ್ವರ್ಮನ್ ೧೯೯೭ರಲ್ಲಿ ವಿವರಿಸಿದ್ದಾರೆ. ಆದರೂ ಒಂದೇ ಹೊಸ್ತಿಲನ್ನು ಎಲ್ಲ ಸ್ತರಗಳಿಗೂ ಹಾಕುವ ಪ್ರಬಂಧಗಳು ಇಂದಿಗೂ ಬರುತ್ತಿವೆ.

ಆಧಾರರೇಖೆಯ ತೂಗಾಟವನ್ನು ತೆಗೆಯುವ ಬಗೆಯಲ್ಲಿ ಇನ್ನೂ ಗುರುತರವಾದ ಅಪಾಯವಿದೆ. ಸಂಕೇತವನ್ನು ಎಂಟು ಸ್ತರಗಳವರೆಗೆ ಒಡೆದು, ಕೊನೆಗೆ ಉಳಿಯುವ ಸ್ಥೂಲಾಂಶವನ್ನು ಪೂರ್ತಿಯಾಗಿ ಸೊನ್ನೆ ಮಾಡುವುದು ಪ್ರಚಲಿತವಾದ ಕ್ರಮ. ಸೆಕೆಂಡಿಗೆ ೩೬೦ ಬಿಂದುಗಳಲ್ಲಿ ಆ ಸ್ಥೂಲಾಂಶ ೦ಯಿಂದ ೦.೭ ಹರ್ಟ್ಸ್‌ವರೆಗಿನದು. ನಿಮಿಷಕ್ಕೆ ೪೦ ಬಾರಿ ಬಡಿಯುವ ಹೃದಯದ ಮೂಲ ಆವೃತ್ತಿ ೦.೬೭ ಹರ್ಟ್ಸ್, ಅದು ಈಗಾಗಲೇ ಗೆರೆಯ ಒಳಗಿದೆ. ಇದೇ ಎಂಟು ಸ್ತರಗಳ ಪಾಕವನ್ನು ಸೆಕೆಂಡಿಗೆ ೫೦೦ ಬಿಂದುಗಳ ದಾಖಲೆಗೆ ನಕಲು ಮಾಡಿದರೆ ಗೆರೆ ೦.೯೮ ಹರ್ಟ್ಸ್‌ಗೆ ಏರುತ್ತದೆ. ಆಗ ನಿಮಿಷಕ್ಕೆ ೫೫ ಬಾರಿ ಬಡಿಯುವ, ನಿದ್ರೆಯಲ್ಲಿರುವ ಆರೋಗ್ಯವಂತನ ಹೃದಯವೂ ಆಧಾರರೇಖೆಯ ದೋಷವೆಂದು ಎಣಿಕೆಯಾಗುತ್ತದೆ. ಕಿರುಅಲೆಯ ಸ್ತರಗಳ ಅಂಚುಗಳು ಚಾಕುವಿನಿಂದ ಕತ್ತರಿಸಿದಂತಿರದೆ ಒಂದರೊಳಗೊಂದು ಹರಿದಿರುವುದರಿಂದ ಹಾನಿ ಗೆರೆಯಾಚೆಗೂ ಚಾಚುತ್ತದೆ. ಈ ಗೆರೆ ಬಂದದ್ದು ಹೃದಯದ ಸ್ವಭಾವದಿಂದಲ್ಲ, ೩೬೦ ಅಥವಾ ೫೦೦ನ್ನು ಮತ್ತೆ ಮತ್ತೆ ಅರ್ಧಿಸಿದ ಲೆಕ್ಕದಿಂದ. ಹೃದಯಸ್ನಾಯುವಿಗೆ ರಕ್ತ ಸಾಲದಾದಾಗ ವೈದ್ಯನು ನೋಡುವುದು ಎಸ್.ಟಿ. ಭಾಗದ ಏರಿಳಿತವನ್ನು. ಕಾಗದದ ಮೇಲೆ ಒಂದು ಮಿಲಿಮೀಟರ್, ಎಂದರೆ ೦.೧ ಮಿಲಿವೋಲ್ಟ್, ಅಲ್ಲಿ ಗಣನೀಯವಾದ ಅಳತೆ. ನಿಧಾನಗತಿಯ ಅಂಶಗಳನ್ನು ಕಿತ್ತುಹಾಕಿದ ರೇಖೆಯಲ್ಲಿ ಆ ಒಂದು ಮಿಲಿಮೀಟರ್ ಹುಟ್ಟಲೂಬಹುದು, ಅಳಿಯಲೂಬಹುದು.

ಗದ್ದಲವೆಂಬುದು ಕೇಳುವ ಪ್ರಶ್ನೆಯನ್ನು ಅವಲಂಬಿಸಿದೆ ಎಂಬುದಕ್ಕೆ ಇನ್ನೊಂದು ನಿದರ್ಶನವಿದೆ. ಹೃದಯಾಘಾತವಾದ ಕೆಲವರಲ್ಲಿ ಕ್ಯು.ಆರ್.ಎಸ್. ಭಾಗದ ತುದಿಯಲ್ಲಿ ಕೆಲವೇ ಮೈಕ್ರೋವೋಲ್ಟುಗಳ ತ್ವರಿತ ಕಂಪನಗಳಿರುತ್ತವೆ. ಅಪಾಯಕರ ತಾಳದೋಷಗಳ ಸೂಚನೆಯೆಂದು ಇವನ್ನು ವೈದ್ಯರು ಅರಸುತ್ತಾರೆ. ಗಾತ್ರದಲ್ಲಿಯೂ ಆವೃತ್ತಿಯಲ್ಲಿಯೂ ಇವು ಸ್ನಾಯುಗಳ ಗದ್ದಲವನ್ನೇ ಹೋಲುತ್ತವೆ. ಯಾವ ಹೊಸ್ತಿಲೂ ಇವನ್ನು ಉಳಿಸಿ ಅದನ್ನು ಕಳೆಯಲಾರದು. ಇವನ್ನು ಕಂಡುಕೊಳ್ಳುವ ಮಾರ್ಗ ನೂರಾರು ಬಡಿತಗಳನ್ನು ಒಂದರ ಮೇಲೊಂದು ಹೊಂದಿಸಿ ಸರಾಸರಿ ತೆಗೆಯುವುದು. ಬಡಿತದಿಂದ ಬಡಿತಕ್ಕೆ ಸಂಬಂಧವಿಲ್ಲದ ಗದ್ದಲ ೧೦೦ ಬಡಿತಗಳ ಸರಾಸರಿಯಲ್ಲಿ ಹತ್ತರಲ್ಲೊಂದು ಪಾಲಿಗೆ ಇಳಿಯುತ್ತದೆ. ಪ್ರತಿ ಬಡಿತದಲ್ಲಿಯೂ ಮರಳಿ ಬರುವುದು ಉಳಿಯುತ್ತದೆ. ಇಲ್ಲಿ ಸಣ್ಣದೆಂಬ ಕಾರಣಕ್ಕೆ ಯಾವುದನ್ನೂ ತಳ್ಳಿಹಾಕಿಲ್ಲ, ಸಾಕ್ಷ್ಯವನ್ನು ಹೆಚ್ಚಿಸಿಕೊಳ್ಳಲಾಗಿದೆ. ಇವೆರಡು ಮಾರ್ಗಗಳ ಭೇದವನ್ನು ವಿದ್ಯಾರ್ಥಿಗಳು ಮನಗಾಣಬೇಕು.

೫

ಇನ್ನು ಪರೀಕ್ಷೆಯ ಮಾತು. ಫಲಿತಾಂಶವನ್ನು ಸಂಕೇತ ಮತ್ತು ಗದ್ದಲಗಳ ಶಕ್ತಿಯ ನಿಷ್ಪತ್ತಿಯೊಂದರಿಂದಲೇ ಅಳೆಯುವುದು ಸಾಮಾನ್ಯ. ಈ ನಿಷ್ಪತ್ತಿಗೆ ದೊಡ್ಡದೇ ಮುಖ್ಯ. ಇ.ಸಿ.ಜಿ.ಯಲ್ಲಿ ಆರ್ ಶಿಖರ ಸುಮಾರು ಒಂದು ಮಿಲಿವೋಲ್ಟ್ ಎತ್ತರವಿದ್ದು, ಹೃತ್ಕರ್ಣಗಳ ಕ್ರಿಯೆಯನ್ನು ತೋರಿಸುವ ಪಿ ಅಲೆ ಅದರ ಹತ್ತರಲ್ಲೊಂದು ಪಾಲು ಇದೆಯೆಂದು ಭಾವಿಸೋಣ. ಶಕ್ತಿ ಎತ್ತರದ ವರ್ಗವನ್ನು ಅನುಸರಿಸುವುದರಿಂದ ಪಿ ಅಲೆಯ ಪಾಲು ಸ್ಥೂಲವಾಗಿ ನೂರರಲ್ಲೊಂದು. ಹಾಗಾದರೆ ಎಲ್ಲ ಪಿ ಅಲೆಗಳನ್ನೂ ಅಳಿಸಿ, ಮಿಕ್ಕುದನ್ನು ಒಂದಿಷ್ಟೂ ಕೆಡಿಸದ ರೇಖೆಗೆ ಈ ಮಾನದಂಡ ೨೦ ಡೆಸಿಬೆಲ್ ಕೊಡುತ್ತದೆ! ೫ ಡೆಸಿಬೆಲ್‌ನಿಂದ ಆರಂಭಿಸಿದ ವಿದ್ಯಾರ್ಥಿ ೧೫ ಡೆಸಿಬೆಲ್ ಸುಧಾರಣೆಯಾಯಿತೆಂದು ಸಂತೋಷದಿಂದ ಬರೆಯುತ್ತಾನೆ, ಪರೀಕ್ಷಕರೂ ಒಪ್ಪುತ್ತಾರೆ. ಪಿ ಅಲೆ ಇಲ್ಲದಿರುವುದಾದರೋ ಹೃತ್ಕರ್ಣಗಳ ಕಂಪನವೆಂಬ ರೋಗದ ಮುಖ್ಯ ಲಕ್ಷಣಗಳಲ್ಲೊಂದು. ಕೋಷ್ಟಕದಲ್ಲಿ ಉತ್ತಮವೆನಿಸಿದ ರೇಖೆ ವೈದ್ಯನ ಮೇಜಿನ ಮೇಲೆ ಸುಳ್ಳು ಸಾಕ್ಷಿಯಾಗಬಲ್ಲುದು. ಗದ್ದಲವಿದ್ದ ರೇಖೆಯನ್ನು ಕಂಡ ವೈದ್ಯ ಸಂದೇಹಪಟ್ಟು ಮತ್ತೊಮ್ಮೆ ತೆಗೆಸಿಯಾನು. ನಯವಾದ ರೇಖೆಯನ್ನು ನಂಬಿಬಿಡುತ್ತಾನೆ. ಜೊಳ್ಳಿನೊಡನೆ ತೂರಿಹೋದ ಕಾಳಿನ ಸುಳಿವು ರಾಶಿಯಲ್ಲಿ ಸಿಗುವುದಿಲ್ಲ.

ಸಂಶೋಧಕನೇ ಶ್ವೇತ ಗದ್ದಲವನ್ನು ಸೇರಿಸಿ, ಶ್ವೇತ ಗದ್ದಲಕ್ಕೆಂದೇ ಮಾಡಿದ ನಿಯಮದಿಂದ ಅದನ್ನು ತೆಗೆಯುವುದು ತಾನೇ ಪ್ರಶ್ನೆಪತ್ರಿಕೆಯನ್ನು ರಚಿಸಿ, ತಾನೇ ಉತ್ತರಿಸಿ, ತಾನೇ ಅಂಕ ಹಾಕಿಕೊಂಡಂತೆ. ಇದಕ್ಕೆ ಒಂದು ಸಮಾಧಾನವನ್ನು ಹೇಳಬಹುದು: ನಿಜವಾದ ಸಂಕೇತ ಮೊದಲೇ ಗೊತ್ತಿಲ್ಲದಿದ್ದರೆ ದೋಷವನ್ನು ಅಳೆಯುವುದು ಹೇಗೆ? ಗದ್ದಲವನ್ನು ನಾವೇ ಸೇರಿಸಿದರಲ್ಲವೇ ತೆಗೆದುದರ ಲೆಕ್ಕ ಸಿಗುವುದು? ಈ ವಾದದಲ್ಲಿ ಹುರುಳಿದೆ. ಅದನ್ನು ನಾವು ಒಪ್ಪುತ್ತೇವೆ. ಆದರೆ ಸೇರಿಸುವ ಗದ್ದಲ ಕೃತಕವೇ ಆಗಬೇಕೆಂಬ ನಿರ್ಬಂಧವೇನೂ ಇಲ್ಲ. ಮೇಲೆ ಹೇಳಿದ ಸಂಸ್ಥೆಗಳವರೇ ಸಿದ್ಧಪಡಿಸಿದ ಇನ್ನೊಂದು ಸಂಗ್ರಹದಲ್ಲಿ ಆಧಾರರೇಖೆಯ ತೂಗಾಟ, ಸ್ನಾಯುಗಳ ಗದ್ದಲ, ವಿದ್ಯುದ್ವಾರದ ಸರಿದಾಟ ಇವುಗಳ ಅರ್ಧರ್ಧ ಗಂಟೆಯ ಮೂರು ನೈಜ ದಾಖಲೆಗಳಿವೆ. ಸ್ವಯಂಸೇವಕರ ಕೈಕಾಲುಗಳ ಮೇಲೆ, ಹೃದಯದ ಸಂಕೇತ ಕಾಣದ ಸ್ಥಾನಗಳಲ್ಲಿ, ವಿದ್ಯುದ್ವಾರಗಳನ್ನಿಟ್ಟು ಅವನ್ನು ಪಡೆದರು. ಅವು ಎಲ್ಲರಿಗೂ ಉಚಿತವಾಗಿ ದೊರೆಯುತ್ತವೆ. ಹೀಗಿರುವಲ್ಲಿ ಶ್ವೇತ ಗದ್ದಲವೊಂದನ್ನೇ ನೆಚ್ಚುವುದಕ್ಕೆ ಸೌಕರ್ಯವಲ್ಲದೆ ಬೇರೆ ಕಾರಣ ನಮಗೆ ಕಾಣದು.

ಈಚೆಗೆ ಹೊಸ್ತಿಲಿನ ಸ್ಥಾನವನ್ನು ಕೃತಕ ನರಜಾಲಗಳು ಆಕ್ರಮಿಸುತ್ತಿವೆ. ಅವುಗಳಿಗೆ ಕಲಿಸುವುದೂ ಬಹುಮಟ್ಟಿಗೆ ಸೇರಿಸಿದ ಗದ್ದಲದಿಂದಲೇ. ಅಳೆಯುವುದೂ ಅದೇ ನಿಷ್ಪತ್ತಿಯಿಂದಲೇ. ಆದುದರಿಂದ ನಮ್ಮ ಆಕ್ಷೇಪಣೆ ಅಲ್ಲಿಯೂ ಸಲ್ಲುತ್ತದೆ. ಕಿರುಅಲೆಯ ಹೊಸ್ತಿಲು ಏನನ್ನು ಕಳೆಯಿತು ಎಂಬುದನ್ನಾದರೂ ಕೈಲೆಕ್ಕದಿಂದ ನೋಡಬಹುದಿತ್ತು. ಅಲ್ಲಿ ಆ ಅನುಕೂಲವೂ ಇಲ್ಲ.

೬

ಈ ವಿಮರ್ಶೆಯಿಂದ ಕಿರುಅಲೆಯನ್ನು ಬಿಡಬೇಕೆಂದು ಯಾರೂ ತಿಳಿಯಬಾರದು. ಮೊನೆಯನ್ನು ಉಳಿಸಿ ನಡುಕವನ್ನು ಕಳೆಯುವುದರಲ್ಲಿ ಅದರ ಸಾಮರ್ಥ್ಯವನ್ನು ಮೊದಲೇ ಹೇಳಿದ್ದೇವೆ. ಪ್ರಬಂಧಗಳನ್ನು ಮಾಡಿಸುವ ಅಧ್ಯಾಪಕರಲ್ಲಿಯೂ ಅವನ್ನು ಬರೆಯುವ ವಿದ್ಯಾರ್ಥಿಗಳಲ್ಲಿಯೂ ನಮ್ಮ ವಿಜ್ಞಾಪನೆ ಮೂರು.

ಮೊದಲನೆಯದು, ಶುದ್ಧಗೊಂಡ ರೇಖೆಯೊಡನೆ ತೆಗೆದುಹಾಕಿದ ರೇಖೆಯನ್ನೂ ತಪ್ಪದೆ ಮುದ್ರಿಸಬೇಕು. ಮೂಲದಿಂದ ಫಲವನ್ನು ಕಳೆದರೆ ಅದು ದೊರೆಯುತ್ತದೆ, ಹೆಚ್ಚಿನ ಶ್ರಮವಿಲ್ಲ. ಆ ಶೇಷದಲ್ಲಿ ಬಡಿತದ ತಾಳಕ್ಕೆ ಸರಿಯಾಗಿ ಉಬ್ಬುಗಳು ಮರುಕಳಿಸಿದರೆ, ತೆಗೆದುದರಲ್ಲಿ ಹೃದಯದ ಪಾಲೂ ಇದೆಯೆಂದು ತಿಳಿಯಬೇಕು. ಎರಡನೆಯದು, ಬಿಂದುಗಳ ದರ, ತುಣುಕಿನ ಉದ್ದ, ಸ್ತರಗಳ ಸಂಖ್ಯೆ, ಸ್ತರಸ್ತರದ ಹೊಸ್ತಿಲು ಇವುಗಳನ್ನು ಹೇಳುವುದಲ್ಲದೆ, ಅವನ್ನು ಏಕೆ ಆರಿಸಿದೆವೆಂಬುದನ್ನು ಸಂಕೇತದ ಸ್ವಭಾವದಿಂದ ಸಮರ್ಥಿಸಬೇಕು. ಹಿಂದಿನ ಪ್ರಬಂಧದಲ್ಲಿ ಹಾಗಿತ್ತೆಂಬುದು ಸಮರ್ಥನೆಯಾಗದು. ಮೂರನೆಯದು, ಫಲವನ್ನು ಅದನ್ನು ಓದುವವನ ಕಣ್ಣಿನಿಂದ ಅಳೆಯಬೇಕು. ಆರ್ ಶಿಖರದ ಎತ್ತರ ಎಷ್ಟು ಬದಲಾಯಿತು, ಎಸ್.ಟಿ. ಭಾಗ ಎಷ್ಟು ಸರಿಯಿತು, ಪಿ ಅಲೆಗಳಲ್ಲಿ ಎಷ್ಟು ಉಳಿದವು ಎಂಬುದನ್ನು ಬೇರೆ ಬೇರೆಯಾಗಿ ತಿಳಿಸಿದ ಮೇಲೆ ಡೆಸಿಬೆಲ್‌ನ ಲೆಕ್ಕ ಕೊಟ್ಟರೆ ನಮ್ಮ ಅಡ್ಡಿಯಿಲ್ಲ.

ಈ ಮೂರನ್ನೂ ಪಾಲಿಸಿದ ಪ್ರಬಂಧದಲ್ಲಿ ಸುಧಾರಣೆಯ ಅಂಕಿ ಈಗಿನಷ್ಟು ದೊಡ್ಡದಾಗಿ ಕಾಣದಿರಬಹುದು. ಹಾಗಾದರೂ, ಅದರಲ್ಲಿ ಹೇಳಿದ ವಿಧಾನವನ್ನು ಮುಂದೆ ರೋಗಿಯೊಬ್ಬನ ರೇಖೆಗೆ ಹಚ್ಚುವವನಿಗೆ ತಾನು ಏನನ್ನು ಪಡೆಯುತ್ತಿದ್ದೇನೆ, ಏನನ್ನು ಕಳೆದುಕೊಳ್ಳುತ್ತಿದ್ದೇನೆ ಎಂಬುದು ತಿಳಿದಿರುತ್ತದೆ. ಪರೀಕ್ಷಕರು ಅಂತಹ ಪ್ರಬಂಧಕ್ಕೆ ಹೆಚ್ಚಿನ ಮನ್ನಣೆಯನ್ನು ಕೊಡುವುದು ಉಚಿತವೆಂದು ನಮ್ಮ ಅಭಿಪ್ರಾಯ.